ತಂತಿ ಬಿಚ್ಚಿದ ಎಸ್.4, ತಂತಿ ಮತ್ತೆ ಬಿಗಿದ ಎಸ್.5

ನೀರಿನಿಂದಲೇ ಏರಿ ನೀರಿಗೇ ಇಳಿಯುವ ವಿಮಾನಗಳ ವೇಗದ ಪಂದ್ಯವಾದ ಷ್ನೈಡರ್ ಟ್ರೋಫಿಯ ಬ್ರಿಟಿಷ್ ಸೀಪ್ಲೇನ್‌ಗಳ ಮಾತು ಬಂದರೆ ಎಲ್ಲರೂ ಮೊದಲು ಹೊಗಳುವುದು ಸೂಪರ್‌ಮರೀನ್ ಎಸ್.4 ಅನ್ನು. 1925ರಲ್ಲಿ, ಹೊರಗೆ ಒಂದೂ ತಂತಿ ಇಲ್ಲದ ಒಂಟಿ ರೆಕ್ಕೆಯ ವಿಮಾನ! ಚಂದ ನೋಡಿದರೆ ಅದೇ ಮೇಲು. ಆದರೆ ಅದರ ವಿನ್ಯಾಸಕ ಆರ್. ಜೆ. ಮಿಚೆಲ್ ಅವರ ಕೈಚಳಕ ಅರಿಯಬೇಕಾದರೆ ಅದರ ನಂತರದ ಎಸ್.5 ನೋಡಬೇಕು. ಅದರಲ್ಲಿ ಅವರು ತಂತಿಯನ್ನು ವಾಪಸ್ ತಂದರು, ಆದರೂ ವೇಗ ಹೆಚ್ಚಿತು.

ಮೊದಲು ಎಸ್.4. ನಡುವಿನಲ್ಲಿ ಉಕ್ಕಿನ ಕೊಳವೆಗಳಿಂದ ಮಾಡಿದ, ಇಂಗ್ಲಿಷಿನ ಎ ಅಕ್ಷರದ ಆಕಾರದ ಎರಡು ಚೌಕಟ್ಟು. ರೆಕ್ಕೆ, ನೀರಿನ ಮೇಲೆ ತೇಲಿಸುವ ಫ್ಲೋಟ್‌ಗಳ ಕಾಲು, ಮುಂದಿನ ಎಂಜಿನ್, ಹಿಂದಿನ ಮರದ ಒಡಲು, ಎಲ್ಲದರ ಭಾರವೂ ಅದರ ಮೇಲೆಯೇ. ರೆಕ್ಕೆ ಈ ತುದಿಯಿಂದ ಆ ತುದಿಗೆ ಒಂದೇ ತುಂಡು: ಒಳಗೆ ಮರದ ಎರಡು ತೊಲೆ, ಮೇಲೆ ಪ್ಲೈವುಡ್ ಹೊದಿಕೆ. ಸುಮಾರು 700 ಅಶ್ವಶಕ್ತಿಯ ನೇಪಿಯರ್ ಲಯನ್ ಎಂಜಿನ್‌ನೊಂದಿಗೆ 1925ರ ಸೆಪ್ಟೆಂಬರ್ 13ರಂದು ಗಂಟೆಗೆ 226.75 ಮೈಲಿ ಹಾರಿ ಸೀಪ್ಲೇನ್ ದಾಖಲೆ ಮಾಡಿತು. ಮುಂದಿನ ತಿಂಗಳು ಬಾಲ್ಟಿಮೋರ್‌ನಲ್ಲಿ, ರೇಸಿಗೆ ಮುಂಚಿನ ಪರೀಕ್ಷೆಯಲ್ಲೇ ನೀರಿಗೆ ಬಿತ್ತು. ಪೈಲಟ್ ಹೆನ್ರಿ ಬಿಯಾರ್ಡ್ ಬದುಕಿದರು. ರೆಕ್ಕೆ ನಡುಗಿತೋ, ತಿರುವಿನಲ್ಲಿ ವೇಗ ಕಡಿಮೆಯಾಗಿ ಎತ್ತುವ ಬಲ ತಪ್ಪಿತೋ ಎಂಬ ವಾದ ಇವತ್ತಿಗೂ ತೀರಿಲ್ಲ.

ಊರಿನ ಹೊರಸು ನೆನಪಿಸಿಕೊಳ್ಳಿ. ನುಲಿ ಬಿಗಿಯಾಗಿದ್ದರೆ ತೆಳು ಕಟ್ಟಿಗೆಯ ಚೌಕಟ್ಟೂ ಅಲುಗುವುದಿಲ್ಲ. ಸಡಿಲಾದರೆ ದಪ್ಪ ಕಾಲಿದ್ದರೂ ಓಲಾಡುತ್ತದೆ. ಎಸ್.5ರಲ್ಲಿ ಮಿಚೆಲ್ ಮಾಡಿದ್ದು ಈ ಲೆಕ್ಕವನ್ನೇ. ಒಡಲಿನಿಂದ ರೆಕ್ಕೆಗೆ, ರೆಕ್ಕೆಯಿಂದ ಫ್ಲೋಟಿಗೆ, ಫ್ಲೋಟಿನಿಂದ ಫ್ಲೋಟಿಗೆ, ಗಾಳಿ ಸೀಳುವಂತೆ ಚಪ್ಪಟೆ ಮಾಡಿದ ತಂತಿ ಬಿಗಿದು ಇಡೀ ವಿಮಾನಕ್ಕೆ ಒಂದು ಸುತ್ತು ಕಟ್ಟಿದರು. ತಂತಿಗೆ ಗಾಳಿಯ ತಡೆ ಉಂಟು, ನಿಜ. ಆದರೆ ತಂತಿ ಹೊರುವ ಭಾರವನ್ನು ರೆಕ್ಕೆಯ ತೊಲೆ ಹೊರಬೇಕಿಲ್ಲ; ರೆಕ್ಕೆ ತೆಳ್ಳಗೂ ಹಗುರವೂ ಆಗುತ್ತದೆ. ಎರಡು ಫ್ಲೋಟ್‌ಗಳ ನಡುವಿನ ಅಡ್ಡ ಕಂಬಿಗಳೂ ತಪ್ಪಿದವು. ರೆಕ್ಕೆಯನ್ನು ಒಡಲಿನ ಕೆಳಭಾಗಕ್ಕೆ ಇಳಿಸಿದ್ದರಿಂದ ಪೈಲಟ್‌ಗೆ ಎಸ್.4ಗಿಂತ ಚೆನ್ನಾಗಿ ಕಾಣುತ್ತಿತ್ತು. ಒಡಲು ಈಗ ಡ್ಯೂರಾಲುಮಿನ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ್ದು, ಎಷ್ಟು ಕಿರಿದೆಂದರೆ ಪೈಲಟ್ ಹೆಚ್ಚುಕಡಿಮೆ ನೆಲದ ಮೇಲೆಯೇ ಕೂರಬೇಕು, ಭುಜ ಎರಡೂ ಕಡೆ ಅಂಚಿಗೆ ತಾಗುತ್ತದೆ.

ನಿಜವಾದ ಗಳಿಕೆ ಮಾತ್ರ ರೇಡಿಯೇಟರ್‌ನಲ್ಲಿ. ಎಸ್.4ರಲ್ಲಿ ಅವು ರೆಕ್ಕೆಯ ಕೆಳಗೆ ನೇತಾಡುತ್ತಿದ್ದವು, ಗಾಳಿಗೆ ಅಡ್ಡ. ಎಸ್.5ರಲ್ಲಿ ರೆಕ್ಕೆಯ ಚರ್ಮವೇ ರೇಡಿಯೇಟರ್. ಹೊರಗೆ ನುಣುಪಾದ ತಾಮ್ರದ ತಗಡು, ಒಳಗೆ ಗೆರೆಗೆರೆಯಾಗಿ ಮಡಿಸಿದ ಇನ್ನೊಂದು ತಗಡು; ಎರಡನ್ನೂ ಬೆಸುಗೆ ಹಾಕಿದರೆ ನಡುವೆ ಸಣ್ಣ ಸಣ್ಣ ಕಾಲುವೆ. ಎಂಜಿನ್‌ನ ಬಿಸಿನೀರು ಅದರಲ್ಲಿ ಹರಿದು ತಣಿಯುತ್ತದೆ. ತಣಿಸುವ ಕೆಲಸಕ್ಕೆ ಹೊಸ ತಡೆ ಹುಟ್ಟುವುದೇ ಇಲ್ಲ ಎನ್ನಬಹುದು. ತೊಂದರೆ ಬೆಸುಗೆಯದು: ತಾಮ್ರ ಕಾಯ್ದು ಹಿಗ್ಗುತ್ತದೆ, ಕೆಳಗಿನ ಪ್ಲೈವುಡ್ ಅಷ್ಟು ಹಿಗ್ಗುವುದಿಲ್ಲ, ಎಳೆದಾಟದಲ್ಲಿ ಸಂದು ಬಿಡುತ್ತದೆ. ಎಣ್ಣೆ ತಣಿಸುವ ಪಟ್ಟಿಗಳು ಒಡಲಿನ ಎರಡೂ ಪಕ್ಕ ಉದ್ದಕ್ಕೆ. ಲಯನ್‌ನ 12 ಸಿಲಿಂಡರ್ ನಾಲ್ಕರಂತೆ ಮೂರು ಸಾಲು. ಮುಂಭಾಗದ ಮುಚ್ಚಳವನ್ನು ಆ ಮೂರು ಸಾಲಿನ ಮೇಲೇ ಮೈಗಂಟಿದ ಅಂಗಿಯಂತೆ ಹೊಲಿದಿದ್ದಾರೆ.

ಇನ್ನು ಪೆಟ್ರೋಲ್. ಆನೆಗುಂದಿಯ ಹರಿಗೋಲಿನಲ್ಲಿ ಒಂದೇ ಕಡೆ ಹುಟ್ಟು ಹಾಕಿದರೆ ಅದು ನಿಂತಲ್ಲೇ ಗಿರಗಿರ ತಿರುಗುತ್ತದಲ್ಲ? 900 ಅಶ್ವಶಕ್ತಿ ಪ್ರೊಪೆಲ್ಲರ್ ತಿರುಗಿಸಿದಾಗ ಅದರ ಎದುರು ತಿರುಚು ಎಡ ಫ್ಲೋಟನ್ನು ನೀರಿಗೆ ಒತ್ತುತ್ತದೆ. ಆ ಕಡೆ ನೀರಿನ ಎಳೆತ ಹೆಚ್ಚಿ ವಿಮಾನ ಎಡಕ್ಕೆ ಸುತ್ತತೊಡಗುತ್ತದೆ. ಅದಕ್ಕೆ ಪೆಟ್ರೋಲನ್ನೆಲ್ಲ ಬಲ ಫ್ಲೋಟಿನೊಳಗೆ ಇಟ್ಟರು. ಈ ಲೆಕ್ಕ ನನಗೆ ಎಷ್ಟು ಸಲ ನೋಡಿದರೂ ಇಷ್ಟ: ಏರುವಾಗ ತಿರುಚು ಅತಿ ಹೆಚ್ಚು, ಆಗ ಟ್ಯಾಂಕ್ ತುಂಬಿರುತ್ತದೆ, ಇಳಿಯುವಾಗ ಥ್ರಾಟಲ್ ಇಳಿದಿರುತ್ತದೆ, ಆಗ ಟ್ಯಾಂಕೂ ಬರಿದಾಗಿರುತ್ತದೆ. ಕಷ್ಟ ಒಂದೇ, ಪಂಪ್ ಪೆಟ್ರೋಲನ್ನು ಅಷ್ಟು ಕೆಳಗಿನಿಂದ ಎತ್ತಬೇಕು, ಬಿಗಿ ತಿರುವಿನಲ್ಲಿ ಆ ಭಾರ ಹಲವು ಪಟ್ಟು.

ಕಟ್ಟಿದ್ದು ಮೂರೇ ವಿಮಾನ: ಎನ್219, ಎನ್220, ಎನ್221. 1927ರ ಸೆಪ್ಟೆಂಬರ್ 26ರಂದು ವೆನಿಸ್‌ನ ಷ್ನೈಡರ್ ರೇಸಿನಲ್ಲಿ ಪೈಲಟ್ ವೆಬ್‌ಸ್ಟರ್ ಎನ್220ರಲ್ಲಿ ಗಂಟೆಗೆ 281.65 ಮೈಲಿ ಸರಾಸರಿಯಲ್ಲಿ ಗೆದ್ದರು, ವರ್ಸ್‌ಲಿ ಎನ್219ರಲ್ಲಿ ಎರಡನೆಯವರಾದರು. ರೇಸ್ ಮುಗಿಸಿದ್ದು ಅವೆರಡೇ. ಮರುವರ್ಷ ಎನ್221ರಲ್ಲಿ ವೇಗದ ದಾಖಲೆಗೆ ಹೊರಟ ಪೈಲಟ್ ಕಿಂಕೆಡ್ ತೀರಿಕೊಂಡರು.

ಇದರ ಮಾದರಿ ಕಟ್ಟುವವರಿಗೆ ಎಂಟನೇ ಒಂದರ ಅಳತೆ ಅನುಕೂಲ: ರೆಕ್ಕೆ ಸುಮಾರು 102 ಸೆಂ.ಮೀ., ಉದ್ದ 92.5 ಸೆಂ.ಮೀ. ಹೆಚ್ಚು ಜನ ಸೋಲುವುದು ಫ್ಲೋಟಿನ ತಳದ ಮೆಟ್ಟಿಲಲ್ಲಿ, ಅಂದರೆ ತಳ ಒಮ್ಮೆಲೇ ಮೇಲಕ್ಕೆ ಜಿಗಿಯುವ ಅಂಚಿನಲ್ಲಿ. ಅದು ಗುರುತ್ವ ಕೇಂದ್ರದ ನೇರ ಕೆಳಗೆ ಅಥವಾ ತುಸು ಹಿಂದೆ ಇರಲಿ. ತೀರ ಹಿಂದೆ ಹೋದರೆ ಮೂತಿ ಏಳುವುದಿಲ್ಲ. ಮೆಟ್ಟಿಲಿನ ಅಂಚು ಚಾಕುವಿನಂತೆ ಚೂಪಿರಬೇಕು. ಮರಳು ಕಾಗದ ಉಜ್ಜಿ, ಮೇಲೆ ಎರಡು ಕೈ ಬಣ್ಣ ಬಳಿದು ದುಂಡಗೆ ಮಾಡಿದರೆ ನೀರು ಅಂಚು ಬಳಸಿ ಹಿಂದಕ್ಕೆ ಹತ್ತಿ ಅಂಟಿಕೊಳ್ಳುತ್ತದೆ, ಎಷ್ಟು ಥ್ರಾಟಲ್ ಕೊಟ್ಟರೂ ಬಿಡುವುದಿಲ್ಲ. ಎರಡು ಫ್ಲೋಟ್ ಒಂದಕ್ಕೊಂದು ಸರಿಯಾಗಿ ಸಮಾಂತರ ಇವೆಯೇ ಎಂದು ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ. ಮುನಿರಾಬಾದಿನ ಹಿನ್ನೀರು ಬೆಳಿಗ್ಗೆ ಕನ್ನಡಿಯಂತೆ ನಿಂತಿರುವಾಗ ಏರಿಸಲು ಹೋಗಬೇಡಿ. ಬಿಸಿಲೇರಿ ಗಾಳಿಗೆ ಸಣ್ಣ ಅಲೆ ಎದ್ದ ಮೇಲೆ ಫ್ಲೋಟ್ ನೀರಿನಿಂದ ಬೇಗ ಬಿಡಿಸಿಕೊಳ್ಳುತ್ತದೆ.