ಹಳೇ ಫ್ರೇಮಿಗೆ ಏರ್ ಫೋರ್ಕ್: 44 ಮಿ.ಮೀ. ಗಂಟು ಬಿಡಿಸಿದ್ದು

ಕೊನೆಗೂ ಸೈಕಲ್ಲಿಗೆ ಫೋರ್ಕ್ (ಮುಂಚಕ್ರ ಹಿಡಿಯುವ, ಸಸ್ಪೆನ್ಷನ್ ಇರುವ ಕವಲು) ಕೂತಿತು. ನೇರ ಸ್ಟಿಯರರ್‌ನ ಕಾಯಿಲ್ (ಲೋಹದ ಸ್ಪ್ರಿಂಗ್) ಫೋರ್ಕ್ ಇದ್ದ, ಹಿಂದೆ ಸಸ್ಪೆನ್ಷನ್ ಇಲ್ಲದ ಹಳೇ ಹಾರ್ಡ್‌ಟೇಲ್‌ನಲ್ಲಿ ಈಗ 100 ಮಿ.ಮೀ. ಟ್ರಾವೆಲ್‌ನ, ಟೇಪರ್ಡ್ ಸ್ಟಿಯರರ್‌ನ ಏರ್ (ಗಾಳಿಯೇ ಸ್ಪ್ರಿಂಗ್ ಆಗಿರುವ) ಫೋರ್ಕ್ ಇದೆ. ಸ್ಟಿಯರರ್ ಅಂದರೆ ಹ್ಯಾಂಡಲ್ ಕಡೆಗೆ ಏರುವ ಫೋರ್ಕಿನ ಕೊಳವೆ, ಟೇಪರ್ಡ್ ಅಂದರೆ ಅದು ಕೆಳಗೆ ದಪ್ಪ; ಟ್ರಾವೆಲ್ ಅಂದರೆ ಫೋರ್ಕ್ ಒತ್ತಿಕೊಳ್ಳುವ ದೂರ. ಬಿಚ್ಚುವುದು, ಸ್ಟಿಯರರ್ ಕೊಯ್ಯುವುದು, ಅದರೊಳಗೆ ಸ್ಟಾರ್ ನಟ್ ಹೊಡೆಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ತಲೆ ತಿಂದದ್ದು ಆಯ್ಕೆ.

ಕಡಿಮೆ ಬೆಲೆಯ ಫೋರ್ಕ್ ಅಂದರೆ ಎಲ್ಲರ ಕಣ್ಣೂ ಟ್ರಾವೆಲ್ ಮೇಲೆ ಹೋಗುತ್ತದೆ. ಮೊದಲು ನೋಡಬೇಕಾದ್ದು ರೀಬೌಂಡ್ ಗುಂಡಿ, ಅಂದರೆ ಫೋರ್ಕ್ ವಾಪಸ್ ಬರುವ ವೇಗ ಹಿಡಿತದಲ್ಲಿಡುವುದು, ಇದೆಯೇ ಎಂದು. ರೀಬೌಂಡ್ ಡ್ಯಾಂಪಿಂಗ್ ಇಲ್ಲದ ಫೋರ್ಕ್ ಬೇರಿನ ಮೇಲೆ ಒತ್ತಿಕೊಂಡ ರಭಸದಲ್ಲೇ ವಾಪಸ್ ಎಗರುತ್ತದೆ. ತಿರುವಿನಲ್ಲಿ ಮುಂದಿನ ಟೈರ್ ಹಿಡಿತ ಬಿಡುತ್ತದೆ. ಲಾಕ್‌ಔಟ್ (ಫೋರ್ಕ್ ಒತ್ತಿಕೊಳ್ಳದಂತೆ ಬಿಗಿಮಾಡುವ ಗುಂಡಿ) ಇದೆ ಅಂದ ಮಾತ್ರಕ್ಕೆ ಡ್ಯಾಂಪಿಂಗ್ ಇದೆ ಎಂದು ನಂಬಬೇಡಿ. ಆಮೇಲೆ ಸ್ಪ್ರಿಂಗ್. ಕಾಯಿಲ್‌ನ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ) ಗುಂಡಿ ಎಷ್ಟು ತಿರುಗಿಸಿದರೂ ಸ್ಪ್ರಿಂಗಿನ ಗಡಸುತನ ಬದಲಾಗುವುದಿಲ್ಲ, ಏರ್ ಆದರೆ ಗಾಳಿ ತುಂಬುವ ಶಾಕ್ ಪಂಪ್ ಇದ್ದರೆ ಸಾಕು. ರಾಕ್‌ಶಾಕ್ಸ್ ಜೂಡಿ ಸಿಲ್ವರ್‌ನಲ್ಲಿ ಏರ್ ಸ್ಪ್ರಿಂಗ್, ರೀಬೌಂಡ್ ಎರಡೂ ಉಂಟು, ಆದರೆ ಸ್ಟ್ಯಾಂಷನ್ (ಒಳಗೆ ಜಾರುವ ಮೇಲಿನ ಕಾಲು) 30 ಮಿ.ಮೀ. ಸ್ಟೀಲಿನದು. ಸವಾರರ ತೂಕ ಜಾಸ್ತಿ ಇದ್ದರೆ 32 ಮಿ.ಮೀ. ಇರುವ ರೀಕಾನ್ ಸಿಲ್ವರ್ ವಾಸಿ.

ಗಂಟು ಇದ್ದದ್ದು ಇಲ್ಲಿ. ರೀಬೌಂಡ್ ಇರುವ ಏರ್ ಫೋರ್ಕ್‌ಗಳಲ್ಲಿ ಹೆಚ್ಚಿನವು ಟೇಪರ್ಡ್. ಹಳೇ ಫ್ರೇಮಿಗೆ ನೇರ ಸ್ಟಿಯರರ್ ಬಿಟ್ಟರೆ ಗತಿಯಿಲ್ಲ ಎಂದು ಬಹಳ ಜನ ಕೈಬಿಡುತ್ತಾರೆ. ಕೈಬಿಡುವ ಮೊದಲು ಹೆಡ್‌ಸೆಟ್ ಕಪ್ (ಸ್ಟಿಯರರ್ ತಿರುಗುವ ಬೇರಿಂಗಿನ ಬಟ್ಟಲು) ಹೊಡೆದು ತೆಗೆದು, ಹೆಡ್ ಟ್ಯೂಬಿನ (ಫ್ರೇಮಿನಲ್ಲಿ ಸ್ಟಿಯರರ್ ಹಾಯುವ ಕೊಳವೆ) ಒಳವ್ಯಾಸಕ್ಕೆ ವರ್ನಿಯರ್ ಹಿಡಿಯಿರಿ. 34 ಮಿ.ಮೀ. ಬಂದರೆ ನೇರ ಸ್ಟಿಯರರೇ ಗತಿ. 44 ಬಂದರೆ ದಾರಿ ತೆರೆಯಿತು: ಕೆಳಗೆ ಇಸಿ44/40 ಹೊರಕಪ್ (ಬೇರಿಂಗ್ ಫ್ರೇಮಿನ ಹೊರಗೆ ಇರುವುದು), ಮೇಲೆ ಝಡ್‌ಎಸ್44/28.6 (ಬೇರಿಂಗ್ ಫ್ರೇಮಿನೊಳಗೆ ಕೂರುವ ಕಪ್). ಕ್ರೌನ್ ರೇಸ್ (ಕ್ರೌನ್, ಅಂದರೆ ಫೋರ್ಕಿನ ಭುಜದ ಮೇಲೆ ಕೂರುವ ಬೇರಿಂಗ್ ಉಂಗುರ) 39.8 ಮಿ.ಮೀ. ಕೂರುವಂಥದ್ದು ಬೇಕು, ಹಳೇ 30 ಮಿ.ಮೀ. ರೇಸ್ ಇಲ್ಲಿ ಬರುವುದಿಲ್ಲ.

ಹೊರಕಪ್‌ನಿಂದ ಮುಂಭಾಗ ಸುಮಾರು ಒಂದು ಸೆಂ.ಮೀ. ಏರುತ್ತದೆ. ಆಕ್ಸಲ್‌ನಿಂದ ಕ್ರೌನ್‌ವರೆಗಿನ ಉದ್ದ 20 ಮಿ.ಮೀ. ಹೆಚ್ಚಿದರೆ ಹೆಡ್ ಆಂಗಲ್ (ಹೆಡ್ ಟ್ಯೂಬಿನ ಓರೆ) ಸುಮಾರು ಒಂದು ಡಿಗ್ರಿ ಮಲಗುತ್ತದೆ, ಹಾಗಾಗಿ ಇಲ್ಲಿ ಅರ್ಧ ಡಿಗ್ರಿ. ಅದೇ ಕಾರಣಕ್ಕೆ 120ರ ಆಸೆ ಬಿಟ್ಟು 100ಕ್ಕೇ ನಿಲ್ಲಿಸಿದ್ದು. ಒಂದು ಲಾಭವೂ ಆಯಿತು: ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಕ್ರೌನ್ ಮೇಲಿನ ಗುಂಡಿಗಳು ಡೌನ್‌ಟ್ಯೂಬಿಗೆ (ಫ್ರೇಮಿನ ಕೆಳಗಿನ ಓರೆ ಕೊಳವೆ) ಬಡಿಯುವ ಸಂಭವವಿತ್ತು, ಏರಿದ ಎತ್ತರದಿಂದ ಅದು ತಪ್ಪಿತು. ಕೊಳ್ಳುವ ಮೊದಲು ಇದನ್ನು ಅಳೆದೇ ನೋಡಿ.

ಮಾರುವವರ ಮೇಲೆ ಸಿಟ್ಟಿದೆ. "32 ಮಿ.ಮೀ., ಲಾಕ್‌ಔಟ್, ಹೊಸದರಂತಿದೆ" ಎಂದು ದೊಡ್ಡದಾಗಿ ಬರೆಯುತ್ತಾರೆ, ಸ್ಟಿಯರರ್ ಎಷ್ಟು ಉದ್ದ ಉಳಿದಿದೆ ಎಂದು ಬರೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಫೋರ್ಕಿಗೆ ಜೀವಾಳವೇ ಅದು. ಹೆಡ್ ಟ್ಯೂಬ್ 120, ಕೆಳಗಿನ ಕಪ್ 12, ಮೇಲಿನದು 8, ಸ್ಪೇಸರ್ 10, ಸ್ಟೆಮ್ (ಹ್ಯಾಂಡಲ್ ಹಿಡಿಯುವ ತುಂಡು) 40 ಇದ್ದರೆ ಒಟ್ಟು 190; ಟಾಪ್ ಕ್ಯಾಪ್ ಬಿಗಿಯಲು 3 ಕಳೆದರೆ 187 ಮಿ.ಮೀ. ಬೇಕು. 170 ಉಳಿದಿರುವುದು ಎಷ್ಟೇ ಅಗ್ಗವಾದರೂ ಬೇಡ.

ಆಕ್ಸಲ್ ಕೂಡ ಕೇಳಿ ತಿಳಿಯಿರಿ. 9 ಮಿ.ಮೀ. ಕ್ವಿಕ್ ರಿಲೀಸ್ ಹಬ್‌ಗೆ ಎಂಡ್ ಕ್ಯಾಪ್ ಸಿಗುವಂತಿದ್ದರೆ 15×100 (15 ಮಿ.ಮೀ. ದಪ್ಪದ ಆಕ್ಸಲ್, 100 ಮಿ.ಮೀ. ಅಗಲ) ಫೋರ್ಕಿಗೆ ಹೊಂದುತ್ತದೆ. ಬೂಸ್ಟ್ 15×110 ಆದರೆ ಎರಡೂ ಕಡೆ 5 ಮಿ.ಮೀ. ಸ್ಪೇಸರ್ ಬೇಕು, ಡಿಸ್ಕನ್ನೂ ಅಷ್ಟೇ ಹೊರಗೆ ತರಬೇಕು. ಈ ತಾಪತ್ರಯ ನೋಡಿ ಮುಂದಿನ ಕೆಲಸ ನಿಶ್ಚಯವಾಯಿತು: 32 ಸ್ಪೋಕಿನ ಹೊಸ ಮುಂಚಕ್ರ, 15 ಮಿ.ಮೀ. ಹಬ್, ಮೂರು ಕ್ರಾಸ್ (ಪ್ರತಿ ಸ್ಪೋಕ್ ಬೇರೆ ಮೂರನ್ನು ದಾಟುವ) ಹೆಣಿಗೆ. ರಿಮ್ ಈಗಾಗಲೇ ಗೋಡೆಗೆ ಒರಗಿದೆ.

ಕೂರಿಸಿದ ಮೇಲೂ ಮುಂದಿನ ಬ್ರೇಕ್ ಹಿಡಿದು ದೂಡಿದರೆ ಟಕ್ ಎನ್ನುತ್ತಿತ್ತು. ಒಂದು ಬೆರಳನ್ನು ಕ್ರೌನ್ ಮತ್ತು ಕೆಳಗಿನ ಕಪ್ ಸೇರುವಲ್ಲಿ, ಇನ್ನೊಂದನ್ನು ಸೀಲಿನ (ಸ್ಟ್ಯಾಂಷನ್ ಕೆಳಗಿನ ಕಾಲಿನೊಳಗೆ ಇಳಿಯುವ ಜಾಗ) ಬಳಿ ಇಟ್ಟು ದೂಡಬೇಕು. ಸೀಲಿನ ಬಳಿ ಅಲುಗಿದರೆ ಫೋರ್ಕಿನೊಳಗಿನ ಬುಷಿಂಗ್ ಸವೆದಿದೆ, ಫೋರ್ಕ್ ವಾಪಸ್ ಕೊಡಿ. ಇಲ್ಲಿ ಅಲುಗಿದ್ದು ಮೇಲೆ: ಕ್ರೌನ್ ರೇಸ್ ಒಂದು ಬದಿ ಕೂದಲೆಳೆಯಷ್ಟು ಎದ್ದಿತ್ತು. ಪೈಪಿನಿಂದ ಸುತ್ತಲೂ ಸಮನಾಗಿ ಹೊಡೆದು ಕೂರಿಸಿದ ಮೇಲೆ ಸದ್ದು ಹೋಯಿತು.

ಇನ್ನು ಗಾಳಿ. ಸ್ಯಾಗ್ (ಸವಾರರು ಕೂತಾಗ ಫೋರ್ಕ್ ತಗ್ಗುವುದು) 20ರಿಂದ 25 ಮಿ.ಮೀ. ಬರುವವರೆಗೆ ತುಂಬಿ, ನಡುನಡುವೆ ಫೋರ್ಕನ್ನು ನಿಧಾನವಾಗಿ ಒತ್ತಿ ನೆಗೆಟಿವ್ ಚೇಂಬರ್‌ಗೂ (ಎದುರು ದಿಕ್ಕಿನಿಂದ ಒತ್ತುವ ಒಳಗಿನ ಗಾಳಿಕೋಣೆ) ಗಾಳಿ ಹಂಚಿಹೋಗಲು ಬಿಡಿ, ಮತ್ತೆ ಅಳೆಯಿರಿ. ಪಂಪ್ ಬಿಚ್ಚುವಾಗ ಬುಸ್ ಎನ್ನುವುದು ಹೋಸ್‌ನ ಗಾಳಿ, ಫೋರ್ಕಿನದಲ್ಲ.