ಸೇಂಟ್ ಅಗಸ್ಟೀನ್‌ಗೆ ಹೋಗುವವರು ಲೈಟ್ನರ್ ಮ್ಯೂಸಿಯಂಗೆ ಅರ್ಧ ದಿನ ಎತ್ತಿಡಿ

ಫ್ಲೋರಿಡಾಗೆ ಬಂದ ನಮ್ಮವರು ಸೇಂಟ್ ಅಗಸ್ಟೀನ್‌ಗೆ ಸಾಮಾನ್ಯವಾಗಿ ಒಂದೇ ದಿನದ ಲೆಕ್ಕದಲ್ಲಿ ಹೋಗುತ್ತಾರೆ. ಆರ್ಲ್ಯಾಂಡೋದಿಂದ ಕಾರಿನಲ್ಲಿ ಹೆಚ್ಚುಕಡಿಮೆ ಎರಡು ಗಂಟೆ. ಕೋಟೆ ನೋಡು, ಸೇಂಟ್ ಜಾರ್ಜ್ ಬೀದಿಯಲ್ಲಿ ಐಸ್‌ಕ್ರೀಮ್ ತಿನ್ನು, ಬೀಚಿಗೆ ಹೋಗು, ವಾಪಸ್. ನಮಗೂ ಗೊತ್ತಿದ್ದವರೆಲ್ಲ ಇದೇ ಪಟ್ಟಿ ಕೊಟ್ಟರು. ಲೈಟ್ನರ್ ಮ್ಯೂಸಿಯಂ ಹೇಗಿದೆ ಅಂತ ಕೇಳಿದರೆ "ಹಳೇ ಸಾಮಾನು ಇಟ್ಟಿದ್ದಾರೆ, ಟೈಮ್ ಉಳಿದರೆ ನೋಡಿ" ಅಂದರು. ಇಷ್ಟು ಒಳ್ಳೆ ಜಾಗವನ್ನು ಹೀಗೆ ಕೊನೆಗೆ ತಳ್ಳುವುದು ಅನ್ಯಾಯ ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ. ಟಿಕೆಟ್ ದರ, ಬಾಗಿಲು ತೆರೆಯುವ ಸಮಯ ಎಲ್ಲ ಅವರ ವೆಬ್‌ಸೈಟಿನಲ್ಲೇ ಸಿಗುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಮೊದಲು ಕಟ್ಟಡದ ಕಥೆ ಗೊತ್ತಿರಬೇಕು, ಇಲ್ಲದಿದ್ದರೆ ಒಳಗೆ ಏನು ನೋಡುತ್ತಿದ್ದೇವೆ ಅಂತಲೇ ತಿಳಿಯುವುದಿಲ್ಲ. ಇದು ಅಲ್ಕಾಜಾರ್ ಅನ್ನುವ ಹೋಟೆಲ್ ಆಗಿತ್ತು. ರಾಕ್‌ಫೆಲ್ಲರ್ ಜೊತೆ ಸ್ಟ್ಯಾಂಡರ್ಡ್ ಆಯಿಲ್ ಕಟ್ಟಿದ ಹೆನ್ರಿ ಫ್ಲ್ಯಾಗ್ಲರ್ ಇದನ್ನು ಕಟ್ಟಿಸಿದ್ದು. ತೆರೆದಿದ್ದು 1888ರ ಕೊನೆಯಲ್ಲಿ. ಚಳಿಗಾಲದಲ್ಲಿ ನ್ಯೂಯಾರ್ಕ್ ಕಡೆಯ ಸಾಹುಕಾರರು ರೈಲಿನಲ್ಲಿ ಬಂದು ತಿಂಗಳುಗಟ್ಟಲೆ ಇಲ್ಲಿ ಬಿಸಿಲು ಕಾಯಿಸುತ್ತಿದ್ದರು. ಉಗಿಸ್ನಾನದ ಕೋಣೆ, ಮಸಾಜ್ ಕೋಣೆ, ಜಿಮ್, ಮೂರು ಮಹಡಿ ಎತ್ತರದ ನೃತ್ಯಶಾಲೆ, ಅದರ ಕೆಳಗೆ 120 ಅಡಿ ಉದ್ದದ ಈಜುಕೊಳ. ಒಳಾಂಗಣದ ಕೊಳಗಳಲ್ಲಿ ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು ಅನ್ನುತ್ತಿದ್ದರು. ಆಮೇಲೆ ಆರ್ಥಿಕ ಕುಸಿತ ಬಂತು, 1930ರ ದಶಕದ ಶುರುವಿನಲ್ಲಿ ಹೋಟೆಲ್ ಮುಚ್ಚಿತು. ಅದೇ ಕುಸಿತದಲ್ಲಿ ಶಿಕಾಗೋದ ಶ್ರೀಮಂತರ ಮನೆಗಳೂ ಖಾಲಿಯಾಗುತ್ತಿದ್ದವು. ಸಂಗ್ರಹದ ಹುಚ್ಚಿದ್ದವರಿಗಾಗಿ ಪತ್ರಿಕೆ ನಡೆಸುತ್ತಿದ್ದ ಆಟೋ ಲೈಟ್ನರ್ ಆ ಮನೆಗಳ ಸಾಮಾನನ್ನೆಲ್ಲ ಕೊಂಡು ಕೂಡಿಟ್ಟುಕೊಂಡರು. 1940ರ ದಶಕದಲ್ಲಿ ಈ ಖಾಲಿ ಹೋಟೆಲನ್ನೂ ಕೊಂಡರು, 1948ರಲ್ಲಿ ಮ್ಯೂಸಿಯಂ ತೆರೆದರು. ಈಗ ಅದು ಊರಿನದ್ದು. ಕಟ್ಟಡದ ಒಂದು ಭಾಗದಲ್ಲಿ ನಗರಸಭೆಯ ಕಚೇರಿಯೇ ಇದೆ.

ಅಂದರೆ ಒಬ್ಬ ಸಾಹುಕಾರ ಕಟ್ಟಿಸಿದ ಹೋಟೆಲಿನೊಳಗೆ ಎಷ್ಟೋ ಸಾಹುಕಾರರ ಮನೆಯ ಸಾಮಾನು ಬಂದು ಕೂತಿದೆ. ಹೈದರಾಬಾದಿನ ಸಾಲಾರ್ ಜಂಗ್ ನೋಡಿದವರಿಗೆ ಈ ರುಚಿ ಗೊತ್ತಿರುತ್ತದೆ. ಒಬ್ಬ ಮನುಷ್ಯ ಕಣ್ಣಿಗೆ ಬಿದ್ದಿದ್ದನ್ನೆಲ್ಲ ಆಸೆಪಟ್ಟು ತಂದಿಟ್ಟಂಥ ಜಾಗ. ಇದಕ್ಕೆ ಕ್ರಮ ಹುಡುಕಬೇಡಿ. ಕೆಳಗಿನ ಮಹಡಿಯ ವಿಜ್ಞಾನದ ಕೋಣೆಯಲ್ಲಿ ಕಲ್ಲು, ಚಿಪ್ಪು, ತುಂಬಿಸಿಟ್ಟ ಹಕ್ಕಿ, ಸ್ಟೀಮ್ ಎಂಜಿನ್ ಮಾದರಿ, ಗಾಜು ಊದಿ ಮಾಡಿದ ಸೂಕ್ಷ್ಮ ಕೆಲಸ ಎಲ್ಲ ಒಟ್ಟಿಗೇ ಇವೆ. ಭೂಮಿಯನ್ನು ಬೆನ್ನ ಮೇಲೆ ಹೊತ್ತ ಬಂಗಾರ ಬಣ್ಣದ ಆನೆಯೂ ಇದೆ. ನಮ್ಮ ಅಮ್ಮ ದಿಗ್ಗಜಗಳ ಕಥೆ ಹೇಳಿಕೊಂಡೇ ನಮ್ಮನ್ನು ಬೆಳೆಸಿದವರು. ಫ್ಲೋರಿಡಾದಲ್ಲಿ ಈ ಆನೆ ಕಂಡಿದ್ದೇ ತಡ, ಅಲ್ಲಿಂದ ಕದಲಲಿಲ್ಲ. ಸೊಂಡಿಲು ಎಷ್ಟು ಸುತ್ತಿದೆ, ಉಗುರು ಹೇಗೆ ಕೆತ್ತಿದ್ದಾರೆ ಅಂತ ಬಗ್ಗಿ ಬಗ್ಗಿ ನೋಡಿದರು. ನಮ್ಮ ಹಿಂದೆ ಬಂದ ಟೂರ್ ಗುಂಪು ಅಷ್ಟರಲ್ಲಿ ಇಡೀ ಮಹಡಿ ಮುಗಿಸಿ ಹೋಯಿತು. ಬೇಜಾರಾಗುವುದು ಇದಕ್ಕೇ. ದುಡ್ಡು ಕೊಟ್ಟು ಒಳಗೆ ಬಂದವರು ಮುಕ್ಕಾಲು ಗಂಟೆಯಲ್ಲಿ ಹೊರಗೆ ಹೋಗಿ "ಏನೂ ಇಲ್ಲ" ಅಂತಾರೆ.

ಸಿಂಹವನ್ನು ಮಕ್ಕಳಿಗೆ ತೋರಿಸಿ. ಚರ್ಚಿಲ್‌ಗೆ 1943ರಲ್ಲಿ ಉಡುಗೊರೆಯಾಗಿ ಬಂದ ಸಿಂಹ ಅದು, ಹೆಸರು ರೋಟಾ. ಇದ್ದಿದ್ದು ಲಂಡನ್ನಿನ ಮೃಗಾಲಯದಲ್ಲಿ. ಸತ್ತ ಮೇಲೆ ತುಂಬಿಸಿದ ದೇಹ ಸಮುದ್ರ ದಾಟಿ ಇಲ್ಲಿಗೆ ಬಂದಿದೆ. ಗುಂಡಿಗಳ ಸಂಗ್ರಹವನ್ನೂ ಬಿಡಬೇಡಿ, ಹೌದು, ಅಂಗಿಗೆ ಹೊಲಿಯುವ ಗುಂಡಿಗಳೇ. ಸಂಗೀತದ ಕೋಣೆಯಲ್ಲಿ 1870ರಿಂದ 1920ರ ದಶಕದವರೆಗಿನ, ತಾವೇ ನುಡಿಯುವ ಪಿಯಾನೋಗಳು, ಇಡೀ ವಾದ್ಯಗೋಷ್ಠಿಯನ್ನೇ ಒಂದು ಬೀರುವಿನೊಳಗೆ ಕೂರಿಸಿದ ಯಂತ್ರಗಳು ಇವೆ. ಇವನ್ನು ನುಡಿಸಿ ತೋರಿಸುವುದು ಇದೆಯಾ, ಎಷ್ಟು ಹೊತ್ತಿಗೆ ಅಂತ ಟಿಕೆಟ್ ತಗೊಳ್ಳುವಾಗಲೇ ಕೇಳಿ, ಆ ಸಮಯಕ್ಕೆ ತಕ್ಕಂತೆ ಉಳಿದದ್ದನ್ನು ಹೊಂದಿಸಿಕೊಳ್ಳಿ. ಎರಡನೇ ಮಹಡಿಯಲ್ಲಿ ಗಾಜು. ಟಿಫನಿ ಸ್ಟುಡಿಯೋದ ಬಣ್ಣದ ಗಾಜು ನೋಡಲು ಬಿಸಿಲಿರುವ ಹೊತ್ತಿನಲ್ಲಿ ಹೋಗುವುದು ವಾಸಿ. ಮೂರನೇ ಮಹಡಿಯಲ್ಲಿ ಚಿತ್ರ, ಶಿಲ್ಪ, ಪೀಠೋಪಕರಣ. ನೆಪೋಲಿಯನ್ನನ ತಮ್ಮ, ಹಾಲೆಂಡಿನ ರಾಜನಾಗಿದ್ದ ಲೂಯಿ ಬೋನಪಾರ್ಟ್‌ಗೆ ಅಂತ ಮಾಡಿದ ಬರೆಯುವ ಮೇಜು ಅಲ್ಲೇ ಇರುವುದು. ಚಿತ್ರಗಳು ನನಗೆ ಅಷ್ಟೇನೂ ಹಿಡಿಸಲಿಲ್ಲ.

ಆದರೆ ಮೂರನೇ ಮಹಡಿಗೆ ಹೋಗಲೇಬೇಕು, ಯಾಕೆಂದರೆ ನೃತ್ಯಶಾಲೆಯ ಸುತ್ತಿನ ಬಾಲ್ಕನಿ ಅಲ್ಲಿದೆ. ಕಟಕಟೆ ಹಿಡಿದು ಕೆಳಗೆ ನೋಡಿ. ನೀರಿಲ್ಲದ ಕೊಳ, ಅದರ ಆಳದ ತುದಿಯಲ್ಲಿ ಮೇಜು, ಬಿಳಿ ಬಟ್ಟೆ, ತಟ್ಟೆ ಲೋಟ. ಜನ ಕೊಳದೊಳಗೆ ಕೂತು ಊಟ ಮಾಡುತ್ತಿರುತ್ತಾರೆ! ಅಲ್ಲಿನ ಕೆಫೆಗೆ ಹೋಗಿ ಕೂತರೆ ಎರಡೂ ಬದಿ ಕೊಳದ ಗೋಡೆ ತಲೆಗಿಂತ ಮೇಲೆ ಏಳುತ್ತದೆ, ಅದರ ಮೇಲೆ ಕಂಬಗಳು, ಅದರ ಮೇಲೆ ನೀವು ಆಗಷ್ಟೇ ನಿಂತಿದ್ದ ಬಾಲ್ಕನಿ. ಹೊಟ್ಟೆ ತುಂಬಾ ತಿನ್ನಲು ದುಬಾರಿ ಜಾಗ. ಸಸ್ಯಾಹಾರಿಗಳಿಗೆ ಆಯ್ಕೆಯೂ ಕಡಿಮೆ. ಒಂದು ಕಾಫಿ, ಒಂದು ಸಿಹಿ ತಗೊಂಡು ಕೂರಿ ಸಾಕು.

ಊಟಕ್ಕೆ ಬೇರೆ ಕಡೆ ಹೋಗಿ, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಸೇಂಟ್ ಜಾರ್ಜ್ ಬೀದಿಯ ಗದ್ದಲ ಬಿಟ್ಟು ಉತ್ತರಕ್ಕೆ ನಡೆದರೆ ಸಣ್ಣ ಸಣ್ಣ ಕ್ಯೂಬನ್ ಊಟದ ಅಂಗಡಿಗಳು ಸಿಗುತ್ತವೆ. ನಾವು ಹೋಗಿದ್ದರಲ್ಲಿ ಮೇಜು ಬೆರಳೆಣಿಕೆಯಷ್ಟು, ಪೇಪರ್ ತಟ್ಟೆ, ಫ್ಯಾನು. ಕಪ್ಪು ಬೀನ್ಸ್, ಬಿಳಿ ಅನ್ನ, ಹಣ್ಣಾದ ಬಾಳೆಕಾಯಿ ಹುರಿದದ್ದು, ಇಷ್ಟೇ ಕೇಳಿದೆವು. ಬೀನ್ಸನ್ನು ಹಂದಿಮಾಂಸ ಹಾಕಿ ಬೇಯಿಸುವುದುಂಟು, ಮೊದಲೇ ಕೇಳಿ. ಅಲ್ಲಿನಾಕೆ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು "ಇದರಲ್ಲಿ ಇಲ್ಲ" ಅಂತ ಹೇಳಿದ ಮೇಲೆಯೇ ಬಡಿಸಿದರು. ಮೇಜಿನ ಮೇಲೆ ಡಾಟಿಲ್ ಮೆಣಸಿನಕಾಯಿಯ ಸಾಸ್ ಇತ್ತು. ಈ ಊರಿನ ಸುತ್ತಮುತ್ತ ಬೆಳೆಯುವ ಹಳದಿ ಕಾಯಿ ಅದು. ಮೊದಲು ಸಿಹಿ, ಆಮೇಲೆ ಖಾರ ಗಂಟಲಿಗೆ ಹತ್ತುತ್ತದೆ. ಅನ್ನಕ್ಕೆ ಕಲಸಿಕೊಂಡು ತಿಂದ ಅಮ್ಮ ಅಮೆರಿಕಕ್ಕೆ ಬಂದ ಮೇಲೆ ಮೊದಲ ಸಲ ಉಪ್ಪಿನಕಾಯಿ ಡಬ್ಬಿ ತೆಗೆಯಲಿಲ್ಲ. ಮೂರು ಜನ ಹೊಟ್ಟೆ ತುಂಬಾ ಉಂಡ ಬಿಲ್ಲು, ಊರಿನ ನಡುವೆ ಒಬ್ಬರು ತಿನ್ನುವ ದುಡ್ಡಿಗಿಂತ ಚೂರು ಹೆಚ್ಚು ಅಷ್ಟೇ. ಸಾಸ್ ಬಾಟಲಿ ಬೇಕಿದ್ದರೂ ಇಂಥ ಕಡೆಯೇ ಕೊಳ್ಳಿ.

ರೂಮಿನ ವಿಷಯಕ್ಕೆ ಬಂದರೆ ನನಗೆ ಈಗಲೂ ಸಿಟ್ಟು ಇಳಿದಿಲ್ಲ. ಹಳೇ ಊರಿಗೆ ನಡೆದು ಹೋಗುವಷ್ಟು ದೂರದ ಒಂದು ಮೋಟೆಲ್. ಬುಕ್ ಮಾಡುವಾಗ ಕಂಡ ದರ ಒಂದು, ಕೌಂಟರಿನಲ್ಲಿ ಕೇಳಿದ್ದು ಇನ್ನೊಂದು. "ರೆಸಾರ್ಟ್ ಫೀ" ಅಂತೆ, ದಿನಕ್ಕಿಷ್ಟು, ಕಾರ್ ನಿಲ್ಲಿಸಲು ಬೇರೆ. ರೆಸಾರ್ಟ್ ಎಲ್ಲಿದೆ ಅಂತ ಕೇಳಿದರೆ ಈಜುಕೊಳ ಇದೆ ಅಂದರು, ಆ ಕೊಳಕ್ಕೆ ಬೀಗ ಹಾಕಿತ್ತು. ರಿಪೇರಿಯಂತೆ. ಹಾಗಾದರೆ ಫೀ ಬಿಡಿ ಅಂದರೆ "ಸಿಸ್ಟಮ್ಮಿನಲ್ಲಿ ತೆಗೆಯಲು ಬರುವುದಿಲ್ಲ" ಅನ್ನುವ ಒಂದೇ ಉತ್ತರ. ರೂಮಿನಲ್ಲಿ ಏಸಿ ರಾತ್ರಿಯಿಡೀ ಗಡಗಡ, ಕಾರ್ಪೆಟ್ ಒದ್ದೆ ವಾಸನೆ. ಹಾಗಾಗಿ ಬುಕ್ ಮಾಡುವಾಗ ಕೊನೆಯ ಪುಟದವರೆಗೂ ಹೋಗಿ ಒಟ್ಟು ಮೊತ್ತ ನೋಡಿ, ಅದರ ಫೋಟೋ ಇಟ್ಟುಕೊಳ್ಳಿ, ಪಾರ್ಕಿಂಗ್ ಸೇರಿದೆಯಾ ಅಂತ ಫೋನ್ ಮಾಡಿ ಕೇಳಿ. ಊರಿನ ನಡುವೆಯೇ ಇರಬೇಕು ಅಂತೇನಿಲ್ಲ. ಹೈವೇ ಪಕ್ಕದ ಸಾದಾ ಹೋಟೆಲ್ ಹಿಡಿದು ಬೆಳಿಗ್ಗೆ ಬೇಗ ಕಾರ್ ತಂದರೆ ದುಡ್ಡೂ ಉಳಿಯುತ್ತದೆ, ನಿದ್ದೆಯೂ ಬರುತ್ತದೆ.

ಕಾರನ್ನು ಸುಮ್ನೆ ಬೀದಿಯಲ್ಲಿ ನಿಲ್ಲಿಸಲು ಹುಡುಕಾಡಬೇಡಿ. ಪ್ರವಾಸಿ ಮಾಹಿತಿ ಕೇಂದ್ರದ ಪಕ್ಕ ನಗರಸಭೆಯದೇ ದೊಡ್ಡ ಪಾರ್ಕಿಂಗ್ ಕಟ್ಟಡ ಇದೆ, ಅಲ್ಲಿ ಬಿಟ್ಟು ನಡೆಯಿರಿ. ಮ್ಯೂಸಿಯಂ ಇರುವುದು ಕಿಂಗ್ ಸ್ಟ್ರೀಟಿನಲ್ಲಿ, ಊರಿನ ಇನ್ನೊಂದು ತುದಿ. ದಾರಿ ಚೆನ್ನಾಗಿದೆ, ಆದರೆ ವಯಸ್ಸಾದವರಿದ್ದರೆ ಮೊದಲು ಅವರನ್ನು ಮ್ಯೂಸಿಯಂ ಮುಂದೆ ಇಳಿಸಿ ಆಮೇಲೆ ಕಾರ್ ನಿಲ್ಲಿಸಿ. ಮುಂದಿನ ಅಂಗಳ, ಕಲ್ಲಿನ ಸೇತುವೆ, ಮೀನಿನ ಕೊಳ ಇವಕ್ಕೆಲ್ಲ ಟಿಕೆಟ್ ಬೇಡ. ನೀವು ಬರುವವರೆಗೆ ಅವರು ಅಲ್ಲೇ ಕೂತಿರಬಹುದು.

ನನಗೆ ಗುಂಪು ಆಗಿಬರುವುದಿಲ್ಲ, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಇದನ್ನು ಓದಿ. ವಾರದ ನಡುವೆ ಬನ್ನಿ, ಬಾಗಿಲು ತೆರೆಯುವ ಹೊತ್ತಿಗೆ ಒಳಗಿರಿ. ನವೆಂಬರ್ ಮಧ್ಯದಿಂದ ಜನವರಿವರೆಗೆ ಊರಿಗೆಲ್ಲ ದೀಪ ಹಾಕುತ್ತಾರೆ, ಫೋಟೋಗೆ ಚೆಂದ, ಆದರೆ ಆ ದಿನಗಳ ಶನಿವಾರ ಸಂಜೆ ಕಾರು ಇರುವೆಯಷ್ಟೂ ಸರಿಯುವುದಿಲ್ಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಚಂಡಮಾರುತದ ಸುದ್ದಿ ನೋಡಿಕೊಂಡೇ ಹೊರಡಿ. 2016ರ ಮ್ಯಾಥ್ಯೂ, 2017ರ ಇರ್ಮಾ ಎರಡರಲ್ಲೂ ಇಲ್ಲಿನ ಬೀದಿಗಳಿಗೆ ನೀರು ನುಗ್ಗಿತ್ತು. ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥ ಬುಕಿಂಗೇ ಇರಲಿ.

ಕೋಟೆಯನ್ನು ಬೇಡ ಅನ್ನುವುದಿಲ್ಲ. ಸ್ಪೇನಿನವರು 1672ರಲ್ಲಿ ಶುರು ಮಾಡಿ ಚಿಪ್ಪುಗಲ್ಲಿನಲ್ಲಿ ಕಟ್ಟಿದ್ದು, ಮಕ್ಕಳು ಓಡಾಡಲು ಜಾಗ ಇದೆ. ಮೇಲ್ಗಡೆ ನೆರಳಿಲ್ಲ, ಅದಕ್ಕೆ ಇಳಿಹೊತ್ತಿಗೆ ಇಟ್ಟುಕೊಳ್ಳಿ. ಮ್ಯೂಸಿಯಂ ಎದುರಿಗೇ ಫ್ಲ್ಯಾಗ್ಲರ್ ಕಾಲೇಜ್ ಇದೆ, ಅದೂ ಆತನೇ 1888ರಲ್ಲಿ ತೆರೆದ ಪಾನ್ಸ್ ಡಿ ಲಿಯೋನ್ ಹೋಟೆಲ್. ಊಟದ ಸಭಾಂಗಣದ ಕಿಟಕಿಗಳಲ್ಲಿ ಟಿಫನಿಯ ಬಣ್ಣದ ಗಾಜು ಇನ್ನೂ ಹಾಗೇ ಇದೆ, ವಿದ್ಯಾರ್ಥಿಗಳು ಅಲ್ಲೇ ಕೂತು ಊಟ ಮಾಡುತ್ತಾರೆ. ಒಳಗೆ ಗೈಡ್ ಜೊತೆಗೇ ಹೋಗಬೇಕು, ಮಧ್ಯಾಹ್ನದ ಪಾಳಿಗೆ ಬೆಳಿಗ್ಗೆಯೇ ಟಿಕೆಟ್ ತಗೊಂಡುಬಿಟ್ಟರೆ ನಡುವಿನ ಹೊತ್ತು ಪೂರ್ತಿ ಲೈಟ್ನರ್‌ಗೆ ಸಿಗುತ್ತದೆ.