ಮಾಸ್ಕಿನ ಗಾಜು ಮಸುಕಾಗದಂತೆ: ಬಳ್ಳಾರಿಯಲ್ಲಿ ನಡೆದಷ್ಟು ತಯಾರಿ

ದಿನ 1
ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗಿಗೆಂದು ತಂದ ಹೊಸ ಮಾಸ್ಕ್. ಗಾಜಿನ ಮೇಲೆ ‘ಟೆಂಪರ್ಡ್’ (ಗಟ್ಟಿಗೊಳಿಸಿದ ಗಾಜು) ಅಚ್ಚಿದೆ, ಮಸುಕು ತಡೆಯುವ ಆ್ಯಂಟಿಫಾಗ್ ಲೇಪನವಿಲ್ಲ. ಇವೆರಡನ್ನೂ ನೋಡಿಕೊಳ್ಳದೆ ಉಜ್ಜಬಾರದು: ಲೇಪನವಿದ್ದರೆ ಹಲ್ಲುಜ್ಜುವ ಪೇಸ್ಟು ಅದನ್ನೇ ಕೀಳುತ್ತದೆ, ಪ್ಲಾಸ್ಟಿಕ್ ಆದರೆ ಗೀರು ಬೀಳುತ್ತದೆ.

ಹೊಸ ಗಾಜಿನ ಒಳಮೈಗೆ, ಮುಖಕ್ಕೆ ಕೂರುವ ಸಿಲಿಕೋನ್ ಅಂಚಿನ ತೆಳು ಜಿಡ್ಡು ಅಂಟಿರುತ್ತದೆ. ಮುಖದ ಬಿಸಿ ಆವಿ ತಣ್ಣನೆಯ ಗಾಜಿಗೆ ತಾಗಿದಾಗ, ನೀರು ಜಿಡ್ಡಿನ ಮೇಲೆ ಹರಡದೆ ಸಣ್ಣ ಹನಿಗಳಾಗಿ ನಿಲ್ಲುತ್ತದೆ. ಮಸುಕು ಎಂದರೆ ಆ ಹನಿಗಳೇ.

ಜೆಲ್ ಅಲ್ಲದ ಬಿಳಿ ಪೇಸ್ಟು, ಗಾಜಿಗೊಂದು ಕಡಲೆಕಾಳಿನಷ್ಟು. ಒಣ ಗಾಜಿನ ಮೇಲೆ ಬೆರಳ ತುದಿಯಿಂದ ನಾಲ್ಕು ನಿಮಿಷ ತಿಕ್ಕಿ, ತೊಳೆದು, ಮತ್ತೆರಡು ಸಲ. ಉಸಿರು ಊದಿ ನೋಡಿದರೆ ನಡುವೆ ತಿಳಿ. ಸಿಲಿಕೋನ್ ಸೇರುವ ಅಂಚಿನಲ್ಲಿ ಅಕ್ಕಿಕಾಳಿನಗಲದ ಮಸುಕು ಪಟ್ಟಿ. ಬೆರಳು ಅಲ್ಲಿಗೆ ಮುಟ್ಟಿಲ್ಲ. ಹಳೆಯ ಮೆತ್ತನೆಯ ಬ್ರಷ್ಷಿನಿಂದ ಆ ಮೂಲೆಯನ್ನು ತಿಕ್ಕಿದ ಮೇಲೆ ಹೋಯಿತು.

ದಿನ 2
ಸ್ನಾನದ ಸೋಪು ಹಾಕಿ ಬೋರ್ ನೀರಲ್ಲಿ ತೊಳೆದದ್ದು ತಪ್ಪಾಯಿತು. ಒಣಗಿದ ಗಾಜಿನ ಮೇಲೆ ಬೂದುಬಣ್ಣದ ಪೊರೆ. ಗಡಸು ನೀರಿನ ಸುಣ್ಣದಂಶ ಸೋಪಿನೊಡನೆ ಸೇರಿ ಕರಗದ ಗಸಿ ಕಟ್ಟುತ್ತದೆ. ನಮ್ಮ ಕಡೆಯ ಸವಳು ನೀರಿಗೆ ಶಾಂಪೂವೇ ಸರಿ. ಕೊನೆಯ ತೊಳೆತ ಫಿಲ್ಟರ್ ನೀರಲ್ಲಿ.

ದಿನ 6
ಜಿಡ್ಡು ಮರಳಿದೆ. ಬಿಸಿಲಿಗೆ ಹೊಸ ಸಿಲಿಕೋನ್ ಇನ್ನೂ ಆವಿ ಬಿಡುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಅದು ಗಾಜಿಗೇ ಕೂರುತ್ತದೆ. ಮತ್ತೆ ಎರಡು ಸಲ ಪೇಸ್ಟು. ಇನ್ನು ಮೇಲೆ ಡಬ್ಬಿ ನೆರಳಲ್ಲಿ, ಮುಚ್ಚಳ ಸಡಿಲ. ನಿಲ್ಲಿಸಿದ ಕಾರಿನಲ್ಲಿ ಬಿಡುವಂತಿಲ್ಲ. ಲೈಟರ್ ಜ್ವಾಲೆ ಹಿಡಿದು ಜಿಡ್ಡು ಸುಡುವವರಿದ್ದಾರೆ. ಕೆಲಸ ಬೇಗ ಆಗುತ್ತದೆ, ಆದರೆ ಜ್ವಾಲೆ ಒಂದೇ ಕಡೆ ನಿಂತರೆ ಸ್ಕರ್ಟು (ಆ ಸಿಲಿಕೋನ್ ಅಂಚು), ಫ್ರೇಮು ಹಾಳು. ಪೇಸ್ಟಿನಿಂದಲೇ ಆಗುವ ಕೆಲಸಕ್ಕೆ ಅದು ಬೇಡ.

ದಿನ 7
ಹರವಿಯ ತಣ್ಣೀರು ತುಂಬಿದ ಬಕೆಟ್ಟಿನಲ್ಲಿ ಪರೀಕ್ಷೆ. ಬರೀ ಗಾಜು ಎರಡೇ ನಿಮಿಷಕ್ಕೆ ಮಸುಕಾಯಿತು. ಒಂದು ಪಾಲು ಬೇಬಿ ಶಾಂಪೂ, ಮೂರು ಪಾಲು ನೀರು. ಎರಡು ಹನಿ ಸವರಿ, ಒಣಗುವ ಮೊದಲೇ ಒಮ್ಮೆ ಮಾತ್ರ ಅದ್ದಿ ತೆಗೆದರೆ ಹತ್ತು ನಿಮಿಷ ತಿಳಿ. ಪೂರ್ತಿ ತೊಳೆದರೆ ಶಾಂಪೂವಿನ ಪೊರೆಯೂ ಹೋಗುತ್ತದೆ, ತೊಳೆಯದಿದ್ದರೆ ಕಣ್ಣು ಉರಿಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದ ಮುಖಕ್ಕೆ ಹಾಕಿದಾಗ ಇಷ್ಟೂ ಶ್ರಮ ವ್ಯರ್ಥ.

ಬಾಕಿ
ದೋಣಿಯಲ್ಲಿ ಮಾಸ್ಕನ್ನು ಹಣೆಗೇರಿಸದೆ ಕುತ್ತಿಗೆಗಿಳಿಸುವ, ಮೂಗಿನಿಂದ ಸುಮ್ಮಸುಮ್ಮನೆ ಉಸಿರು ಬಿಡದಿರುವ ರೂಢಿ. ನೀರಿನ ಕೆಳಗೆ ಮಸುಕಾದರೆ ಸ್ವಲ್ಪ ನೀರು ಒಳಬಿಟ್ಟು, ಮುಖ ಬಗ್ಗಿಸಿ ಗಾಜಿನ ಮೇಲೆ ಆಡಿಸಿ, ಮುಖ ಎತ್ತಿ ಮೇಲಂಚು ಒತ್ತಿ ಮೂಗಿನಿಂದ ಊದಿ ಹೊರಹಾಕುವುದು. ಇದನ್ನು ಈಜುಕೊಳದಲ್ಲೇ ಕಲಿಯಬೇಕು.